ಲ್ಯಾಪ್‌ಟಾಪ್‌ಗೆ ಎಷ್ಟು ರ‍್ಯಾಮ್ ಬೇಕು? ಮೊದಲು ಸ್ಲಾಟ್ ಕೇಳಿ, ಆಮೇಲೆ ಜಿಬಿ

ಅವಸರದಲ್ಲಿ ಇರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬ್ರೌಸರ್, ವಾಟ್ಸಾಪ್, ವರ್ಡ್, ಎಕ್ಸೆಲ್, ಯೂಟ್ಯೂಬ್, ಆಗೊಮ್ಮೆ ಈಗೊಮ್ಮೆ ವಿಡಿಯೊ ಕಾಲ್. ಇಷ್ಟೇ ಕೆಲಸ ಅಂದರೆ 8 ಜಿಬಿ ರ‍್ಯಾಮ್ ಸಾಕು, ಆದರೆ ಜೊತೆಗೆ ಕಡತಗಳನ್ನು ಇಡಲು ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಇರಲೇಬೇಕು. ಮುಂದೆ ರ‍್ಯಾಮ್ ಹಾಕಿಸಲು ಜಾಗವೇ ಇಲ್ಲದ ಮಾಡೆಲ್ ಆದರೆ 16 ತಗೊಳ್ಳಿ. 4 ಜಿಬಿ ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. 32 ಬೇಕಾದವರಿಗೆ ಯಾಕೆ ಬೇಕು ಅಂತ ಅವರಿಗೇ ಗೊತ್ತಿರುತ್ತದೆ. ಗೊತ್ತಿಲ್ಲ ಅಂದರೆ ಬೇಕಿಲ್ಲ.

ಇನ್ನು ಮುಂದಿನದು ಇದರ ಹಿಂದಿನ ಲೆಕ್ಕ. ನನ್ನದು ಮಂಡ್ಯದ ನೂರಡಿ ರಸ್ತೆ ಹತ್ತಿರದ ಗಲ್ಲಿಯಲ್ಲಿ ಒಂದು ಪುಟ್ಟ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹೊಸ ಲ್ಯಾಪ್‌ಟಾಪ್ ನಾನು ಮಾರುವುದಿಲ್ಲ. ಹಾಗಾಗಿ ನೀವು 8 ತಗೊಂಡರೂ 16 ತಗೊಂಡರೂ ನನಗೆ ಬರುವುದೇನೂ ಇಲ್ಲ. ಕಾಲೇಜು ಅಡ್ಮಿಷನ್ ಶುರುವಾಯಿತು ಅಂದರೆ ಅಪ್ಪ, ಅಮ್ಮ, ಮಗಳು ಮೂವರೂ ಫೋನಿನಲ್ಲಿ ಒಂದು ಫೋಟೊ ಹಿಡಿದುಕೊಂಡು ಬರುತ್ತಾರೆ. "ಅಕ್ಕ, ಇದ್ರಲ್ಲಿ ಎಂಟು ಅದೆ. ಸಾಕಾಯ್ತದಾ?" ನಾನು ತಿರುಗಿ ಎರಡೇ ಕೇಳುತ್ತೇನೆ. ಒಂದೇ ಹೊತ್ತಿಗೆ ಏನೇನು ತೆರೆದಿಟ್ಟುಕೊಂಡು ಕೆಲಸ ಮಾಡುತ್ತೀರಿ? ಈ ಮಾಡೆಲ್‌ನಲ್ಲಿ ರ‍್ಯಾಮ್ ಸ್ಲಾಟ್, ಅಂದರೆ ಇನ್ನೊಂದು ಪಟ್ಟಿ ಚುಚ್ಚುವ ಜಾಗ, ಖಾಲಿ ಇದೆಯಾ? ಮೊದಲನೆಯದಕ್ಕೆ ಅವರು ಉತ್ತರ ಹೇಳುತ್ತಾರೆ. ಎರಡನೆಯದು ಅಂಗಡಿಯವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಮೆಮೊರಿ ಅಂದರೆ ಯಾವುದು

ಮದ್ದೂರು ಕಡೆಯ ರೈತರೊಬ್ಬರು ಮಗಳ ಬಿಕಾಂಗೆ ಅಂತ ಆನ್‌ಲೈನಿನಲ್ಲಿ ಒಂದು ಲ್ಯಾಪ್‌ಟಾಪ್ ತರಿಸಿದ್ದರು. "ಐನೂರ ಹನ್ನೆರಡು ಮೆಮೊರಿ ಅದೆ ಕಣಕ್ಕ. ಆದ್ರೂ ಯಾಕ್ ಹಿಂಗ್ ತಿಣುಕ್ತದೆ?" ಅಂದರು. 512 ಇದ್ದದ್ದು ನಿಜ, ಆದರೆ ಅದು ಎಸ್‌ಎಸ್‌ಡಿ. ರ‍್ಯಾಮ್ 4 ಜಿಬಿ. ಅವರು ಕೇಳಿದ್ದು ತಪ್ಪಲ್ಲ. ಎರಡಕ್ಕೂ ಜನ ಮೆಮೊರಿ ಅಂತಲೇ ಅನ್ನುತ್ತಾರೆ, ಎರಡನ್ನೂ ಜಿಬಿಯಲ್ಲೇ ಅಳೆಯುತ್ತಾರೆ, ಜಾಹೀರಾತಿನಲ್ಲಿ ದೊಡ್ಡ ಸಂಖ್ಯೆಯನ್ನೇ ಎದ್ದು ಕಾಣುವ ಹಾಗೆ ಹಾಕುತ್ತಾರೆ.

ನನ್ನ ಸರ್ವಿಸ್ ಮೇಜನ್ನೇ ತೋರಿಸಿ ವಿವರಿಸಿದೆ. ಬಿಚ್ಚಿ ಕೆಲಸ ಮಾಡುತ್ತಿರುವ ಲ್ಯಾಪ್‌ಟಾಪ್‌ಗಳು ಮೇಜಿನ ಮೇಲೆ ಇರುತ್ತವೆ. ಸರದಿಗೆ ಕಾಯುವವು ಹಿಂದಿನ ರ‍್ಯಾಕಿನಲ್ಲಿ. ಮೇಜು ರ‍್ಯಾಮ್, ರ‍್ಯಾಕು ಎಸ್‌ಎಸ್‌ಡಿ. ಮೇಜು ತುಂಬಿದರೆ ಒಂದನ್ನು ಮುಚ್ಚಿ ರ‍್ಯಾಕಿಗೆ ಇಡಬೇಕು, ಬೇಕಾದಾಗ ಮತ್ತೆ ಎದ್ದು ಹೋಗಿ ತರಬೇಕು. ರ‍್ಯಾಕು ಎಷ್ಟೇ ದೊಡ್ಡದಿದ್ದರೂ ಮೇಜು ದೊಡ್ಡದಾಗುವುದಿಲ್ಲ, ಅಲ್ವಾ? ವಿಂಡೋಸ್ ಕೂಡ ಹೀಗೇ ಮಾಡುತ್ತದೆ. ರ‍್ಯಾಮ್ ತುಂಬುತ್ತಾ ಬಂದರೆ, ಸದ್ಯ ಮುಟ್ಟದೆ ಬಿಟ್ಟಿರುವ ಭಾಗಗಳನ್ನು ಡಿಸ್ಕಿನಲ್ಲಿರುವ ಪೇಜ್‌ಫೈಲ್ ಅನ್ನುವ ಕಡತಕ್ಕೆ ಸಾಗಿಸುತ್ತದೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋದಾಗ ತೆರೆ ಒಂದು ಗಳಿಗೆ ಬೆಳ್ಳಗಾಗಿ ನಿಲ್ಲುತ್ತದಲ್ಲ, ಅದು ಈ ಓಡಾಟದ ಹೊತ್ತು.

ಆ ಓಡಾಟ ಎಷ್ಟು ದುಬಾರಿ ಅಂತ ನೋಡಿ. ಡಿಡಿಆರ್4-3200 ಅನ್ನುವ ಬಗೆಯ ರ‍್ಯಾಮ್‌ನ ಒಂದೇ ಒಂದು ಪಟ್ಟಿ ಸೆಕೆಂಡಿಗೆ ಸುಮಾರು 25 ಜಿಬಿ ಸಾಗಿಸಬಲ್ಲದು. ಸಾಟಾ ಬಗೆಯ ಎಸ್‌ಎಸ್‌ಡಿ ಸುಮಾರು ಅರ್ಧ ಜಿಬಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಒಂದೇ ಸಾಲಿನಲ್ಲಿ ಓದಿದರೆ ಹೆಚ್ಚುಕಮ್ಮಿ 100 ಎಂಬಿ. ಅಲ್ಲಲ್ಲಿ ಚದುರಿರುವ ಚೂರುಪಾರು ಓದಬೇಕಾದರೆ ಅದೂ ಇಲ್ಲ. ಪೇಜ್‌ಫೈಲ್ ಕೆಲಸ ಬಹುಪಾಲು ಚೂರುಪಾರಿನದೇ.

ಇದಕ್ಕೇ ಸೇರಿದ ಇನ್ನೊಂದು ಮಾತು. ಫೋನುಗಳಲ್ಲಿ "8+8 ಜಿಬಿ" ಅಂತ ಬರೆದಿರುತ್ತಾರೆ. ಎರಡನೆಯ 8 ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಎತ್ತಿಟ್ಟ ಜಾಗ. ಅದನ್ನು ನೋಡಿ ಅಭ್ಯಾಸವಾದ ಹುಡುಗರು ಲ್ಯಾಪ್‌ಟಾಪಿನಲ್ಲೂ ಪೇಜ್‌ಫೈಲ್ ದೊಡ್ಡದು ಮಾಡಿಕೊಡಿ ಅಂತ ಬರುತ್ತಾರೆ. ವಿಂಡೋಸ್ ಅದನ್ನು ತಾನೇ ನೋಡಿಕೊಳ್ಳುತ್ತದೆ. ಸುಮ್ನೆ ಕೈ ಹಾಕಬೇಡಿ.

ಈಗಿರುವ ಲ್ಯಾಪ್‌ಟಾಪಿನಲ್ಲೇ ಅಳತೆ ತೆಗೆಯಿರಿ

ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದ್ದರೆ ಇನ್ನೊಬ್ಬರ ಸಲಹೆಗಿಂತ ಅದೇ ಚೆನ್ನಾಗಿ ಹೇಳುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮೆನ್ಸ್', ಆಮೇಲೆ 'ಮೆಮೊರಿ'. ಆದರೆ ಬೆಳಿಗ್ಗೆ ಆನ್ ಮಾಡಿದ ತಕ್ಷಣ ನೋಡಿದರೆ ಉಪಯೋಗವಿಲ್ಲ. ಕೆಲಸ ಜಾಸ್ತಿ ಇರುವ ಹೊತ್ತಿನಲ್ಲಿ, ನೀವು ಮಾಮೂಲಾಗಿ ತೆರೆದಿಡುವುದೆಲ್ಲ ತೆರೆದಿರುವಾಗ ನೋಡಬೇಕು.

ಕೆರಗೋಡು ಕಡೆ ಗ್ರಾಮ ಒನ್ ಕೇಂದ್ರದಲ್ಲಿ ಕೂರುವ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದಿದ್ದ. ಮಧ್ಯಾಹ್ನದ ಹೊತ್ತಿಗೆ ಸತ್ತೇಹೋಗುತ್ತದೆ ಅಂತ ದೂರು. ನನ್ನ ಅಂಗಡಿಯಲ್ಲಿ ಆನ್ ಮಾಡಿದರೆ ಚೆನ್ನಾಗೇ ಇತ್ತು. "ನಿನ್ನ ಮಧ್ಯಾಹ್ನದ ಕೆಲಸ ಇಲ್ಲೇ ಮಾಡಿ ತೋರಿಸು" ಅಂದೆ. ಸೇವಾ ಸಿಂಧು ಒಂದು ಟ್ಯಾಬ್, ಪಹಣಿಗೆ ಭೂಮಿ ಇನ್ನೊಂದು, ಜನ ಕಳಿಸುವ ಫೋಟೊಗೆ ವಾಟ್ಸಾಪ್ ವೆಬ್, ಜೆರಾಕ್ಸ್ ತೆಗೆಯಲು ಸ್ಕ್ಯಾನರ್ ಸಾಫ್ಟ್‌ವೇರ್, ಬೆರಳಚ್ಚು ಯಂತ್ರದ್ದು ಒಂದು, ಮುಚ್ಚದೆ ಬಿಟ್ಟ ಪಿಡಿಎಫ್‌ಗಳ ಸಾಲು, ಲೆಕ್ಕದ ಎಕ್ಸೆಲ್, ಹಿಂದೆ ಯೂಟ್ಯೂಬಿನಲ್ಲಿ ಹಾಡು. 8 ಜಿಬಿಯಲ್ಲಿ 'ಇನ್ ಯೂಸ್' 7ರ ಹತ್ತಿರ ಬಂತು. 'ಅವೈಲಬಲ್' ಕೆಲವು ನೂರು ಎಂಬಿಗೆ ಇಳಿಯಿತು. ಇದು ರ‍್ಯಾಮ್ ಕೊರತೆಯೇ. ಒಂದು ಸ್ಲಾಟ್ ಖಾಲಿ ಇತ್ತು. ಇನ್ನೊಂದು 8 ಹಾಕಿದೆ, ಮುಗಿಯಿತು.

ಓದುವಾಗ ಒಂದು ಎಚ್ಚರ. ಶೇಕಡಾ ಎಷ್ಟು ಅಂತ ನೋಡಿ ಗಾಬರಿಯಾಗಬೇಡಿ. ರ‍್ಯಾಮ್ ಖಾಲಿ ಬಿದ್ದಿದ್ದರೆ ವಿಂಡೋಸ್ ಅದನ್ನು ಸುಮ್ಮನೆ ಬಿಡುವುದಿಲ್ಲ. ನೀವು ಮತ್ತೆ ತೆರೆಯಬಹುದಾದದ್ದನ್ನು ಅಲ್ಲಿ ಇಟ್ಟುಕೊಂಡಿರುತ್ತದೆ. 'ಕ್ಯಾಶ್ಡ್' ಅಂತ ತೋರಿಸುವುದು ಅದನ್ನೇ. ಬೇರೆ ಪ್ರೋಗ್ರಾಂಗೆ ಜಾಗ ಬೇಕಾದರೆ ತಕ್ಷಣ ಬಿಟ್ಟುಕೊಡುತ್ತದೆ. 16 ಜಿಬಿ ಇರುವ ಲ್ಯಾಪ್‌ಟಾಪ್ 8 ಇರುವುದಕ್ಕಿಂತ ಜಾಸ್ತಿ ರ‍್ಯಾಮ್ ತಿನ್ನುವಂತೆ ಕಂಡರೆ ಅದು ರೋಗವಲ್ಲ. ಏನೂ ತೆರೆಯದೆ ಇದ್ದರೂ ವಿಂಡೋಸ್ 11 ತನಗೇ ಅಂತ 3ರಿಂದ 4 ಜಿಬಿ ಹಿಡಿದುಕೊಂಡಿರುವುದು ಮಾಮೂಲು. ಅದಕ್ಕೇ ನಾನು 4 ಜಿಬಿ ಬೇಡ ಅನ್ನುವುದು. ಮೈಕ್ರೋಸಾಫ್ಟ್ ಪ್ರಕಾರ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು. ಹೌದು, ಆನ್ ಆಗುವುದಕ್ಕೆ ಸಾಕು.

ಹಾಗಾದರೆ ಕೊರತೆ ಅಂತ ಯಾವಾಗ ಹೇಳಬಹುದು? 'ಅವೈಲಬಲ್' ಒಂದು ಜಿಬಿಗಿಂತ ಕೆಳಗೇ ಇರಬೇಕು, ಅದೇ ಹೊತ್ತಿಗೆ ಕಿಟಕಿ ಬದಲಿಸಿದಾಗಲೆಲ್ಲ ತಡೆಯಬೇಕು, ಹಿಂದಿನ ಟ್ಯಾಬಿಗೆ ಹೋದರೆ ಪುಟ ಮೊದಲಿಂದ ಲೋಡ್ ಆಗಬೇಕು. ಈ ಮೂರೂ ದಿನಾ ಕಾಣಿಸಿದರೆ ರ‍್ಯಾಮ್ ಸಾಲದು. ಯಾವಾಗಲೋ ಒಮ್ಮೆ ಕಾಣಿಸಿದರೆ ಎರಡು ಟ್ಯಾಬ್ ಮುಚ್ಚಿ, ದುಡ್ಡು ಉಳಿಸಿ.

ರ‍್ಯಾಮ್ ಮೇಲೆ ಹೊರಿಸುವ ಸುಳ್ಳು ಅಪವಾದ

ಪಾಂಡವಪುರದ ಹೈಸ್ಕೂಲು ಮೇಷ್ಟ್ರೊಬ್ಬರು 8 ತೆಗೆದು 16 ಹಾಕಿಕೊಡಿ ಅಂತ ಬಂದರು. ಆನ್ ಆಗಲು ಕಾಫಿ ಕುಡಿದು ಬರುವಷ್ಟು ಹೊತ್ತು ಬೇಕಂತೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಮೆಮೊರಿ ಅರ್ಧದ ಹತ್ತಿರ, ಡಿಸ್ಕ್ ಮಾತ್ರ 100 ಶೇಕಡಾದಲ್ಲಿ ನಿಂತಿದೆ. ಒಳಗೆ 5400 ಆರ್‌ಪಿಎಂ ಹಾರ್ಡ್‌ಡಿಸ್ಕ್. "ಮೇಷ್ಟ್ರೇ, ನಿಮಗೆ ರ‍್ಯಾಮ್ ಬೇಕಿಲ್ಲ. ಎಸ್‌ಎಸ್‌ಡಿ ಹಾಕ್ಸಿ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ, ಅಳಿಯ ರ‍್ಯಾಮ್ ಅಂತ ಹೇಳಿ ಕಳಿಸಿದ್ದನಂತೆ. ಬೇರೆ ಎಸ್‌ಎಸ್‌ಡಿಗೆ ಅವರ ಡಿಸ್ಕನ್ನು ನಕಲು ಮಾಡಿ, ಅದರಿಂದಲೇ ಆನ್ ಮಾಡಿ ತೋರಿಸಿದೆ. ಆಮೇಲೆ ಅಳಿಯನ ಮಾತು ಬರಲಿಲ್ಲ.

ಹಾಗಾಗಿ ದುಡ್ಡು ಒಂದಕ್ಕೆ ಮಾತ್ರ ಇದ್ದರೆ, ಮತ್ತು ಈಗಿನದು ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ, ಮೊದಲು ಎಸ್‌ಎಸ್‌ಡಿ. ಇದರಲ್ಲಿ ಚರ್ಚೆಯೇ ಇಲ್ಲ. ರ‍್ಯಾಮ್ ಆಮೇಲೆ ನೋಡಿದರಾಯಿತು. ನೆಟ್ ನಿಧಾನ ಇದ್ದರೂ ಜನ ರ‍್ಯಾಮನ್ನೇ ಬೈಯುತ್ತಾರೆ. ಅದೇ ಪುಟ ಫೋನಿನಲ್ಲೂ ತಡವಾದರೆ ಲ್ಯಾಪ್‌ಟಾಪ್ ಪಾಪ, ಅದನ್ನು ಬಿಟ್ಟುಬಿಡಿ.

ಯಾರಿಗೆ ಎಷ್ಟು

ಬಿಕಾಂ, ಬಿಎ, ಬಿಎಸ್‌ಸಿ ಓದುವವರಿಗೆ 8. ಟ್ಯಾಲಿ ಹಗುರವಾದ ಸಾಫ್ಟ್‌ವೇರ್. ಕಾಲೇಜಿನಲ್ಲಿ ಕೊಡುವ ಎಕ್ಸೆಲ್ ಹಾಳೆಗಳೂ ಹಗುರ. ಇವರ ರ‍್ಯಾಮ್ ತಿನ್ನುವುದು ಬ್ರೌಸರ್ ಒಂದೇ.

ಎಂಜಿನಿಯರಿಂಗ್ ಮಕ್ಕಳ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಪಿಇಎಸ್ ಕಾಲೇಜು ಇರುವ ಊರಿದು, ನನ್ನ ಗಿರಾಕಿಗಳಲ್ಲಿ ಅವರೇ ಹೆಚ್ಚು. ಮೊದಲ ವರ್ಷದಲ್ಲಿ ಸಿ, ಪೈಥಾನ್ ಬರೆಯುತ್ತಾರೆ. ಅದಕ್ಕೆ 8 ಧಾರಾಳ. ಅಪ್ಪಂದಿರು ಇದನ್ನು ಕೇಳಿಸಿಕೊಂಡು 8ಕ್ಕೆ ದುಡ್ಡು ಕಟ್ಟುತ್ತಾರೆ. ಮೂರನೆಯ ವರ್ಷಕ್ಕೆ ಮಗ ಫೋನಿನ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಹಾಕಿಕೊಳ್ಳುತ್ತಾನೆ. ಅದು ಲ್ಯಾಪ್‌ಟಾಪಿನ ಒಳಗೇ ಒಂದು ಫೋನನ್ನು ಓಡಿಸುತ್ತದೆ, ಎಮ್ಯುಲೇಟರ್ ಅಂತ. ಆ ಫೋನಿಗೂ ರ‍್ಯಾಮ್ ಇದೇ ಮೇಜಿನಿಂದಲೇ ಹೋಗಬೇಕು. ಎಮ್ಯುಲೇಟರ್ ಸಮೇತ ಓಡಿಸುವವರು 16 ಇಟ್ಟುಕೊಳ್ಳಿ ಅಂತ ಗೂಗಲ್ಲೇ ಹೇಳುತ್ತದೆ. ವರ್ಚುವಲ್ ಮೆಷಿನ್ ಹಾಕಿ ಲಿನಕ್ಸ್ ಕಲಿಯುವವರದೂ ಇದೇ ಕಥೆ, ಒಂದು ಲ್ಯಾಪ್‌ಟಾಪಿನೊಳಗೆ ಎರಡು ಸಂಸಾರ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಆಟೋಕ್ಯಾಡ್ ಇದೆ, ಅದಕ್ಕೆ 8 ಅನ್ನುವುದು ಕನಿಷ್ಠ. ಮೂರು ಆಯಾಮದ ಡ್ರಾಯಿಂಗ್ ಶುರುವಾದರೆ ಕಷ್ಟ. ಆದ್ದರಿಂದ ನನ್ನ ಮಾತು ಇಷ್ಟು: ಎಂಜಿನಿಯರಿಂಗ್‌ಗೆ ಅಂತಾದರೆ 16 ತಗೊಳ್ಳಿ, ಇಲ್ಲವೇ 8 ತಗೊಂಡು ಖಾಲಿ ಸ್ಲಾಟ್ ಇರುವುದನ್ನು ಖಚಿತ ಮಾಡಿಕೊಳ್ಳಿ. ನಾಲ್ಕು ವರ್ಷ ನಡೆಯಬೇಕಲ್ಲ.

ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು, ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವವರು: ಕಂಪನಿ ಲ್ಯಾಪ್‌ಟಾಪ್ ಕೊಟ್ಟಿದ್ದರೆ ಅವರದೇ ಚಿಂತೆ. ಸ್ವಂತದ್ದರಲ್ಲಿ ಮಾಡುವುದಾದರೆ 16. ಟೀಮ್ಸ್ ಅಥವಾ ಜೂಮ್‌ನಲ್ಲಿ ಮೀಟಿಂಗ್, ಅದೇ ಹೊತ್ತಿಗೆ ತೆರೆ ಹಂಚಿಕೊಳ್ಳುವುದು, ಹಿಂದೆ ದೊಡ್ಡ ಎಕ್ಸೆಲ್. 8ರಲ್ಲಿ ನಡೆಯುತ್ತದೆ, ಆದರೆ ಬಾಸ್ ಮುಂದೆ ತೆರೆ ಹೆಪ್ಪುಗಟ್ಟುವ ದಿನ ಒಂದಲ್ಲ ಒಂದು ಬರುತ್ತದೆ.

ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಡಿಟಿಪಿಯವರಿಗೆ ನುಡಿ, ಬರಹ ಏನೂ ಭಾರವಲ್ಲ. ಭಾರ ಇರುವುದು ಫೋಟೊಶಾಪ್ ಮತ್ತು ಕೋರಲ್‌ಡ್ರಾದಲ್ಲಿ. ಫೋಟೊಶಾಪಿಗೆ ಅಡೋಬಿ ಕೊಡುವ ಕನಿಷ್ಠ ಲೆಕ್ಕ 8, ಶಿಫಾರಸು 16. ಹಬ್ಬಕ್ಕೋ ಎಲೆಕ್ಷನ್ನಿಗೋ ಊರ ತುಂಬ ಫ್ಲೆಕ್ಸ್ ಮಾಡುವವರಾದರೆ ಇನ್ನೂ ಬೇಕಾದೀತು. ಹತ್ತಡಿ, ಇಪ್ಪತ್ತಡಿಯ ಬ್ಯಾನರಿನಲ್ಲಿ ಇಪ್ಪತ್ತು ಮುಖಂಡರ ಮುಖ, ಪ್ರತಿ ಮುಖಕ್ಕೂ ಒಂದು ಲೇಯರ್. 32 ಹಾಕಿಸಿಕೊಂಡು ಖುಷಿಯಾಗಿ ಇರುವವರು ಅಂದರೆ ನನಗೆ ಗೊತ್ತಿರುವ ಹಾಗೆ ಇವರು.

ರಿಟೈರ್ ಆದವರಿಗೆ, ಮಕ್ಕಳು ಹೊರದೇಶದಲ್ಲಿ ಇರುವವರಿಗೆ 8 ಸಾಕು. ಬ್ಯಾಂಕು, ಪೇಪರ್, ವಿಡಿಯೊ ಕಾಲ್, ಅಷ್ಟೇ ತಾನೆ. 16ಕ್ಕೆ ಕೊಡುವ ದುಡ್ಡನ್ನು ಒಳ್ಳೆಯ ತೆರೆಗೆ, ಅಕ್ಷರ ಚೆನ್ನಾಗಿ ಕಾಣುವ ಕೀಬೋರ್ಡಿಗೆ ಹಾಕಿ. ಇದನ್ನು ಹೇಳಿದಾಗ ಮಕ್ಕಳು ಒಪ್ಪುವುದಿಲ್ಲ, ಅಪ್ಪ ಅಮ್ಮ ಒಪ್ಪುತ್ತಾರೆ.

ಗೇಮ್ ಆಡುವವರಿಗೆ 16, ಆದರೆ ಅವರ ತಲೆನೋವು ರ‍್ಯಾಮ್‌ಗಿಂತ ಗ್ರಾಫಿಕ್ಸ್ ಕಾರ್ಡಿನದು.

ಈಚೆಗೆ ಎಐ ಲ್ಯಾಪ್‌ಟಾಪ್ ಅಂತ ಸ್ಟಿಕರ್ ಹಚ್ಚಿ ಮಾರುತ್ತಾರೆ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಪಿಸಿ ಅನ್ನುವ ಹೆಸರು ತಂದಿತು, ಆ ಹೆಸರು ಬೇಕಾದರೆ 16 ಜಿಬಿ ರ‍್ಯಾಮ್ ಇರಲೇಬೇಕು. ಅದೇ ವರ್ಷ ಅಕ್ಟೋಬರಿನಲ್ಲಿ ಆಪಲ್ ತನ್ನ ಮ್ಯಾಕ್‌ಬುಕ್ ಏರ್‌ನ ಶುರುವನ್ನೂ 8ರಿಂದ 16ಕ್ಕೆ ಏರಿಸಿತು. ಚಾಟ್‌ಜಿಪಿಟಿಯಂಥದ್ದನ್ನು ಬ್ರೌಸರಿನಲ್ಲಿ ಬಳಸುವುದಕ್ಕೆ ಇದ್ಯಾವುದೂ ಬೇಕಿಲ್ಲ, ಆ ಕೆಲಸ ನಡೆಯುವುದು ದೂರದ ಸರ್ವರಿನಲ್ಲಿ. ಆದರೆ ಸಾಫ್ಟ್‌ವೇರ್ ಬರೆಯುವವರ ಕೈಯಲ್ಲಿ 16 ಇದ್ದರೆ ಅವರು ಬರೆಯುವುದೂ 16ಕ್ಕೇ ಹೊಂದುವ ಹಾಗೆ ಇರುತ್ತದೆ. ಆರು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಸ್ಲಾಟ್ ಇದೆಯಾ, ಇಲ್ಲವಾ

ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. ಮೊದಲೆಲ್ಲ ಲ್ಯಾಪ್‌ಟಾಪಿನ ಕೆಳಗೆ ಒಂದು ಪುಟ್ಟ ಮುಚ್ಚಳ, ಎರಡು ಸ್ಕ್ರೂ. ತೆಗೆದು ರ‍್ಯಾಮ್ ಚುಚ್ಚಿದರಾಯಿತು. ಈಗ ತೆಳ್ಳಗಿರುವ ಮಾಡೆಲ್‌ಗಳಲ್ಲಿ ರ‍್ಯಾಮ್ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರುತ್ತಾರೆ. 8 ಅಂದರೆ ಅದು ಸಾಯುವವರೆಗೂ 8. ಅದರ ಮುಂದೆ ನಾನೂ ಕೈ ಕಟ್ಟಿ ಕೂರಬೇಕು.

ತಿಳಿಯುವುದು ಹೇಗೆ? ವಿವರಪಟ್ಟಿಯಲ್ಲಿ ರ‍್ಯಾಮ್‌ನ ಬಗೆ ನೋಡಿ. ಎಲ್‌ಪಿಡಿಡಿಆರ್4ಎಕ್ಸ್, ಎಲ್‌ಪಿಡಿಡಿಆರ್5 ಹೀಗೆ 'ಎಲ್‌ಪಿ' ಇಂದ ಶುರುವಾದರೆ ಬಹುತೇಕ ಬೆಸುಗೆ ಹಾಕಿದ್ದೇ. ಬರೀ ಡಿಡಿಆರ್4, ಡಿಡಿಆರ್5 ಅಂತಿದ್ದರೆ ಸ್ಲಾಟ್ ಇರಬಹುದು, ಖಾತ್ರಿ ಇಲ್ಲ. ಅಂಗಡಿಯಲ್ಲಿ ಡೆಮೊಗೆ ಇಟ್ಟಿರುವ ಲ್ಯಾಪ್‌ಟಾಪಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಮೆಮೊರಿ ಪುಟದ ಕೆಳಗೆ 'ಫಾರ್ಮ್ ಫ್ಯಾಕ್ಟರ್' ಅಂತ ಒಂದು ಸಾಲು ಇರುತ್ತದೆ. 'ಎಸ್‌ಒಡಿಐಎಂಎಂ' ಅಂತಿದ್ದರೆ ಚುಚ್ಚುವ ರ‍್ಯಾಮ್. 'ರೋ ಆಫ್ ಚಿಪ್ಸ್' ಅಂತಿದ್ದರೆ ಬೆಸುಗೆಯದು. ಅಲ್ಲೇ 'ಸ್ಲಾಟ್ಸ್ ಯೂಸ್ಡ್' 2ರಲ್ಲಿ 1 ಅಂತ ತೋರಿಸಿದರೆ ಸಾಮಾನ್ಯವಾಗಿ ಒಂದು ಖಾಲಿ. ಬೆಸುಗೆ ಹಾಕಿದವುಗಳಲ್ಲಿ ಕೆಲವು 4ರಲ್ಲಿ 4, 8ರಲ್ಲಿ 8 ಅಂತ ವಿಚಿತ್ರವಾಗಿ ತೋರಿಸುವುದುಂಟು. ಅಷ್ಟೊಂದು ಸ್ಲಾಟ್ ಅಂತ ಹಿಗ್ಗಬೇಡಿ, ಅವು ಚಿಪ್ಪುಗಳ ಲೆಕ್ಕ. ಸಂಶಯ ಇದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ, ಒಳಗಿನ ಚಿತ್ರವೇ ಇರುತ್ತದೆ.

ನಡುವಿನ ಜಾತಿಯೂ ಒಂದಿದೆ. 8 ಬೆಸುಗೆ, ಜೊತೆಗೆ ಒಂದು ಸ್ಲಾಟ್. ನನಗೆ ಇಷ್ಟವಾದದ್ದು ಇದು. ಈಗ 8ರಲ್ಲಿ ನಡೆಸಿ, ಬೇಕೆನಿಸಿದ ದಿನ 8 ಸೇರಿಸಿ. 4 ಬೆಸುಗೆ ಇರುವ ಹಳೆಯದಕ್ಕೆ 8 ಚುಚ್ಚಿ 12 ಮಾಡಿದರೂ ಚೆನ್ನಾಗೇ ನಡೆಯುತ್ತದೆ. ಎರಡೂ ಪಟ್ಟಿ ಒಂದೇ ಅಳತೆ ಇದ್ದರೆ ಇನ್ನೂ ಒಳ್ಳೆಯದು, ಎರಡು ಚಾನೆಲ್‌ನಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಇದರ ಲಾಭ ಕಣ್ಣಿಗೇ ಕಾಣುತ್ತದೆ. ಯಾಕೆಂದರೆ ಅಂಥದ್ದರಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್‌ನಲ್ಲಿ ಪಾಲು ತಗೊಳ್ಳುತ್ತದೆ. "8 ಅಂತ ಬಿಲ್ ಹಾಕಿ 6 ಚಿಲ್ಲರೆ ಕೊಟ್ಟವ್ರೆ, ಮೋಸ" ಅಂತ ಜಗಳಕ್ಕೇ ಸಿದ್ಧವಾಗಿ ಬಂದವರನ್ನು ಕಂಡಿದ್ದೇನೆ. ಮೋಸ ಅಲ್ಲ. ಗ್ರಾಫಿಕ್ಸ್‌ಗೆ ಎತ್ತಿಟ್ಟ ಭಾಗ 'ಹಾರ್ಡ್‌ವೇರ್ ರಿಸರ್ವ್ಡ್' ಅಂತ ತೋರಿಸುತ್ತದೆ, ಅಷ್ಟೇ. ಆದರೆ ಕೊಳ್ಳುವಾಗ ಆ ಭಾಗ ನಿಮ್ಮ ಲೆಕ್ಕದಲ್ಲಿ ಇರಲಿ.

ಪಟ್ಟಿ ನೀವೇ ತರಿಸುವುದಾದರೆ ಬಗೆ ಸರಿಯಾಗಿ ನೋಡಿ. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿ ಇರುತ್ತದೆ. ಕೂರಲಿಲ್ಲ ಅಂದರೆ ಒತ್ತಬೇಡಿ, ಅದು ಕೂರುವುದಲ್ಲ. ಹಳೆಯ ಲ್ಯಾಪ್‌ಟಾಪ್ ಒಟ್ಟು ಎಷ್ಟು ಜಿಬಿವರೆಗೆ ಒಪ್ಪುತ್ತದೆ ಅನ್ನುವುದನ್ನೂ ಮಾಡೆಲ್ ಸಂಖ್ಯೆ ಹಾಕಿ ನೋಡಿಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೆ ಒಂದು ಫೋನ್ ಹಾಕಿ.

ಬೆಲೆಯ ಮಾತು

ಕೆಲವು ವರ್ಷ ನಾನು ಎಲ್ಲರಿಗೂ ಒಂದೇ ಮಂತ್ರ ಹೇಳುತ್ತಿದ್ದೆ: ಸ್ಲಾಟ್ ಇದ್ದರೆ ಈಗ 8 ತಗೊಳ್ಳಿ, ರ‍್ಯಾಮ್ ಅಗ್ಗ, ಆಮೇಲೆ ಹಾಕಿಸಿದರಾಯಿತು. 2025ರ ಕೊನೆಯಿಂದ ಆ ಮಂತ್ರಕ್ಕೆ ಬಲ ಇಲ್ಲ. ಜಗತ್ತಿನ ರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರ್‌ಗಳು ಎಷ್ಟು ಕೊಟ್ಟರೂ ಸಾಲದು ಅನ್ನುತ್ತಿವೆ, ಕಂಪನಿಗಳ ಗಮನ ಅತ್ತ ಹೋಯಿತು, ಇತ್ತ ನಮ್ಮ ಪಟ್ಟಿಗಳ ಬೆಲೆ ಜಿಗಿಯಿತು. ಮೈಕ್ರಾನ್ 2025ರ ಡಿಸೆಂಬರಿನಲ್ಲಿ, ಅಂಗಡಿಯಲ್ಲಿ ಸಿಗುವ ತನ್ನ ಕ್ರೂಷಿಯಲ್ ರ‍್ಯಾಮ್‌ನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು.

ಹಾಗಾಗಿ ಈಗ ಎರಡು ಬೆಲೆ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಮಾಡೆಲ್ 8ಕ್ಕೂ 16ಕ್ಕೂ ಎಷ್ಟು ವ್ಯತ್ಯಾಸ? ಆವತ್ತಿನ ದಿನ 8 ಜಿಬಿ ಪಟ್ಟಿ ಬಿಡಿಯಾಗಿ ಎಷ್ಟು? ಮೊದಲನೆಯದು ಕಮ್ಮಿ ಇದ್ದರೆ 16 ಇರುವುದನ್ನೇ ತಗೊಂಡುಬಿಡಿ. ಜಾಸ್ತಿ ಇದ್ದರೆ, ಮತ್ತು ನಿಮಗೆ ಈಗ 8 ಸಾಕಾದರೆ, ಸ್ಲಾಟ್ ಇರುವ 8. ಸೆಕೆಂಡ್ ಹ್ಯಾಂಡ್ ಪಟ್ಟಿಯೂ ಪರವಾಗಿಲ್ಲ, ರ‍್ಯಾಮ್‌ನಲ್ಲಿ ತಿರುಗುವ, ಸವೆಯುವ ಭಾಗ ಯಾವುದೂ ಇಲ್ಲ. ಹಾಕಿದ ಮೇಲೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ಒಂದು ತಪ್ಪು ತೋರಿಸಿದರೂ ವಾಪಸ್ ಕೊಡಿ.

ಖರ್ಚಿಲ್ಲದೆ ಒಂದಷ್ಟು

ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟಪ್' ಪುಟಕ್ಕೆ ಹೋಗಿ, ಆನ್ ಆಗುವಾಗಲೇ ಎದ್ದು ಕೂರುವ ಬೇಡದವನ್ನು ಡಿಸೇಬಲ್ ಮಾಡಿ. ಕ್ರೋಮ್‌ನಲ್ಲಿ 'ಮೆಮೊರಿ ಸೇವರ್', ಎಡ್ಜ್‌ನಲ್ಲಿ 'ಸ್ಲೀಪಿಂಗ್ ಟ್ಯಾಬ್ಸ್' ಇದೆ. ಆನ್ ಮಾಡಿದರೆ ಬಳಸದ ಟ್ಯಾಬ್‌ಗಳ ರ‍್ಯಾಮ್ ವಾಪಸ್ ಬರುತ್ತದೆ. ಕ್ರೋಮ್‌ನಲ್ಲಿ ಶಿಫ್ಟ್, ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಅಂತಲೂ ಕಾಣುತ್ತದೆ. ಎರಡೆರಡು ಆ್ಯಂಟಿವೈರಸ್ ಇದ್ದರೆ ಒಂದು ತೆಗೆಯಿರಿ. ರ‍್ಯಾಮ್ ಕ್ಲೀನರ್, ಬೂಸ್ಟರ್ ಅನ್ನುವ ಸಾಫ್ಟ್‌ವೇರ್‌ಗಳನ್ನು ಮಾತ್ರ ಹಾಕಲೇಬೇಡಿ. ವಿಂಡೋಸ್ ಜೋಡಿಸಿಟ್ಟದ್ದನ್ನು ಅವು ಹೊರಗೆ ಎಸೆಯುತ್ತವೆ, ಅದು ಮತ್ತೆ ತಂದುಕೊಳ್ಳಬೇಕು. ತಾವೂ ಒಂದಿಷ್ಟು ರ‍್ಯಾಮ್ ತಿನ್ನುತ್ತವೆ.

"ದಿನಾ ಆಫ್ ಮಾಡ್ತೀನಲ್ಲ ಅಕ್ಕ" ಅನ್ನುವವರಿಗೆ ಇನ್ನೊಂದು ವಿಷಯ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಆರುವುದಿಲ್ಲ, ಇದ್ದ ಹಾಗೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಹೊಸದಾಗಿ ಶುರು. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

4 ಜಿಬಿಯ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿದ್ದು, ರ‍್ಯಾಮ್ ಏರಿಸಲು ಆಗದಿದ್ದರೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥದ್ದಕ್ಕೆ ನಾನು ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಡುತ್ತೇನೆ. ಮಿಂಟ್ ಮಾಡುವವರೇ ಹೇಳುವಂತೆ 2 ಜಿಬಿ ಕನಿಷ್ಠ, 4 ಇದ್ದರೆ ಆರಾಮ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ಅದರಲ್ಲೇ ಸಿಗುತ್ತದೆ. ಟ್ಯಾಲಿ, ನುಡಿ ಬೇಕೇ ಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ. ಬ್ರೌಸರ್ ಸಾಕು ಅನ್ನುವವರಿಗೆ ಹೊಂದುತ್ತದೆ.

ಹೊಸದು ತಗೊಳ್ಳುವ ದಿನ ಇಷ್ಟು ಮಾಡಿ. ಡಬ್ಬ ಅಂಗಡಿಯಲ್ಲೇ ಬಿಚ್ಚಿಸಿ. ಆನ್ ಆದ ಮೇಲೆ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ಅಂತ ಹೋಗಿ 'ಇನ್‌ಸ್ಟಾಲ್ಡ್ ರ‍್ಯಾಮ್' ಎಷ್ಟಿದೆ ನೋಡಿ. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಲಾಟ್ ಸಾಲು ನೋಡಿ, ಫೋಟೊ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಮಾಡೆಲ್ ಸಂಖ್ಯೆ, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಅಂತ ಬೇರೆ ಬೇರೆ ಬರೆಸಿ. "8 ಇದ್ದದ್ದಕ್ಕೆ ನಾವೇ 8 ಹಾಕಿ 16 ಮಾಡಿದ್ದೀವಿ" ಅಂದರೆ, ಆ ಪಟ್ಟಿಗೆ ಬೇರೆ ವಾರಂಟಿ ಇದೆಯಾ ಕೇಳಿ, ಅದನ್ನೂ ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.